ಓಪನ್ ಸೋರ್ಸ್ ಸಾಫ್ಟ್‌ವೇರ್‌ನಲ್ಲಿ ತಪ್ಪು ಅಡಗಿರಲು ಸಾಧ್ಯವೇ ಇಲ್ಲವೇ?

"ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಕೋಡ್ ಯಾರು ಬೇಕಾದರೂ ನೋಡಬಹುದು, ಹಾಗಾಗಿ ಅದರಲ್ಲಿ ತಪ್ಪು ಅಡಗಿರಲು ಸಾಧ್ಯವೇ ಇಲ್ಲ" ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ ಮಾತ್ರ.

ತೇಪೆ ಹಾಕುವವರು ಯಾರು?

ಸ್ವಯಂಸೇವಕರು ಸೇರಿ ರೂಪಿಸುವ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನೇ ನೋಡಿ. ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳೂ ಅದರಲ್ಲಿ ಸಿಗುತ್ತವೆ. ಮೂಲ ಲೇಖಕರು ಬರೆದ ಸಾಫ್ಟ್‌ವೇರ್ ಅಲ್ಲಿಗೆ ಬಂದಾಗ ಪ್ಯಾಕೇಜ್ ಸಿದ್ಧಪಡಿಸುವವರು ಅಗತ್ಯಕ್ಕೆ ತಕ್ಕಂತೆ ಸಣ್ಣಪುಟ್ಟ ಬದಲಾವಣೆ ಮಾಡುತ್ತಾರೆ. ಇದೇ ಪ್ಯಾಚ್, ನಮ್ಮ ಮಾತಿನಲ್ಲಿ ತೇಪೆ.

2006ರಲ್ಲಿ ಏನಾಯಿತು?

ಇಂಟರ್‌ನೆಟ್ ಮಾಹಿತಿಗೆ ಬೀಗ ಹಾಕುವ ರಹಸ್ಯ ಕೀಲಿಗಳನ್ನು ತಯಾರಿಸುವ ಸಾಫ್ಟ್‌ವೇರ್ ಓಪನ್‌ಎಸ್‌ಎಸ್‌ಎಲ್. ಕೋಡ್ ಪರೀಕ್ಷಿಸುವ ಉಪಕರಣವೊಂದು ಎಚ್ಚರಿಕೆ ಕೊಡುತ್ತಿತ್ತೆಂದು 2006ರಲ್ಲಿ ಡೆಬಿಯನ್ ಆವೃತ್ತಿಯಲ್ಲಿ ಕೆಲವು ಸಾಲುಗಳನ್ನು ತೆಗೆಯಲಾಯಿತು. ಕೀಲಿಯನ್ನು ಯಾರೂ ಊಹಿಸದಂತೆ ಮಾಡುತ್ತಿದ್ದ ಸಾಲೂ ಅದರಲ್ಲಿ ಹೋಯಿತು. ಪರಿಣಾಮವಾಗಿ ಒಂದೊಂದು ಬಗೆಯಲ್ಲಿ ಕೇವಲ 32,767 ಕೀಲಿಗಳು ಮಾತ್ರ ಸಾಧ್ಯವಾದವು. ಅಷ್ಟನ್ನೂ ಕಂಪ್ಯೂಟರ್‌ನಲ್ಲಿ ಮೊದಲೇ ತಯಾರಿಸಿಟ್ಟುಕೊಂಡು ಒಂದೊಂದಾಗಿ ಪ್ರಯತ್ನಿಸಬಹುದಿತ್ತು.

ಈ ದೋಷ ಪ್ರಕಟವಾಗಿದ್ದು 2008ರ ಮೇ 13ರಂದು. ಡೆಬಿಯನ್, ಉಬುಂಟು ಬಳಸುತ್ತಿದ್ದವರು ಆ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು. ಗಮನಿಸಿ: ಅಷ್ಟೂ ದಿನ ಕೋಡ್ ಎಲ್ಲರ ಮುಂದೆ ತೆರೆದೇ ಇತ್ತು.

ಡೀಫಾಲ್ಟ್ ಏಕೆ ಮುಖ್ಯ?

ನಾವು ಏನನ್ನೂ ಆಯ್ಕೆ ಮಾಡದಿದ್ದಾಗ ಸಾಫ್ಟ್‌ವೇರ್ ತಾನೇ ಪಾಲಿಸುವ ಕ್ರಮವೇ ಡೀಫಾಲ್ಟ್. ಡೆಬಿಯನ್‌ನ ಹಳೆಯ ಪದ್ಧತಿಯಲ್ಲಿ ಒಂದು ಪ್ಯಾಕೇಜಿನ ಎಲ್ಲ ಬದಲಾವಣೆಗಳೂ ಒಂದೇ ಕಡತದಲ್ಲಿ ಕಲೆಸಿರುತ್ತಿದ್ದವು. 2009ರಲ್ಲಿ ಬಳಕೆಗೆ ಬಂದ ಹೊಸ ಪದ್ಧತಿಯ ಹೆಸರಿನಲ್ಲೇ 'ಕ್ವಿಲ್ಟ್' ಇದೆ. ಕ್ವಿಲ್ಟ್ ಅಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹಳೆಯ ಸೀರೆಗಳಿಂದ ಹೊಲಿಯುವ ಕೌದಿ! ಕೌದಿಯಲ್ಲಿ ಪ್ರತಿ ತುಂಡೂ ಬೇರೆಯಾಗಿ ಕಾಣುವಂತೆ, ಇಲ್ಲಿ ಪ್ರತಿ ತೇಪೆಗೂ ಬೇರೆ ಕಡತ. ಯಾರು, ಏಕೆ ಹಾಕಿದರು ಎಂದು ಅದರ ಮೇಲೆಯೇ ಬರೆಯಬಹುದು.

ಆದರೂ ಒಂದು ಸಂದಿ ಉಳಿದಿತ್ತು. ಯಾರಾದರೂ ಕೋಡ್ ಅನ್ನು ನೇರವಾಗಿ ತಿದ್ದಿದರೆ ಉಪಕರಣ ತಾನೇ ಅದಕ್ಕೊಂದು ತೇಪೆ ಸೃಷ್ಟಿಸಿ ಮುಂದೆ ಹೋಗುತ್ತಿತ್ತು. ಕೆಲಸ ಸುಲಭ, ಆದರೆ ಕಾರಣ ದಾಖಲಾಗುತ್ತಿರಲಿಲ್ಲ. 2011ರಲ್ಲಿ ಈ ಡೀಫಾಲ್ಟ್ ಬದಲಾಯಿತು. ದಾಖಲಾಗದ ಬದಲಾವಣೆ ಕಂಡರೆ ಉಪಕರಣ ಈಗ ಅಲ್ಲೇ ನಿಲ್ಲುತ್ತದೆ. ಹಳೆಯ ರೀತಿಯೇ ಬೇಕಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು.

ಇದರಿಂದ ತಪ್ಪುಗಳೇ ಆಗುವುದಿಲ್ಲವೇ? ಹಾಗೇನಿಲ್ಲ. ಆದರೆ ಯಾವ ತೇಪೆಯನ್ನು ಪರೀಕ್ಷಿಸಬೇಕು ಎಂಬುದು ಮುಂದೆ ನೋಡುವವರಿಗೆ ಸುಲಭವಾಗಿ ಸಿಗುತ್ತದೆ.

ನೀವೇನು ಮಾಡಬಹುದು?

ಆಂಡ್ರಾಯ್ಡ್‌ನ ಬುಡವೂ ಓಪನ್ ಸೋರ್ಸೇ, ಅದಕ್ಕೂ ಫೋನ್ ಕಂಪನಿಗಳು ತಮ್ಮ ಬದಲಾವಣೆ ಸೇರಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ನೋಡಿ, ಹೊಸ ಅಪ್‌ಡೇಟ್ ಬಂದಿದ್ದರೆ ಅಲ್ಲಿಂದಲೇ ಹಾಕಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಪ್‌ಡೇಟ್ ಲಿಂಕ್ ಒತ್ತಬೇಡಿ.

ಕೋಡ್ ತೆರೆದಿದ್ದರಷ್ಟೇ ಸಾಲದು. ಬದಲಾವಣೆ ಕಣ್ಣಿಗೆ ಬೀಳುವಂತಿರಬೇಕು, ನೋಡುವವರೂ ಇರಬೇಕು.