ಹಾರದೊಳಗಿನ ಅರಸು

ಆಗಸ್ಟ್ 20 ಬಂತೆಂದರೆ ದೇವರಾಜ ಅರಸರ ಭಾವಚಿತ್ರಕ್ಕೆ ಪಕ್ಷಭೇದವಿಲ್ಲದೆ ಹಾರ ಬೀಳುತ್ತದೆ. ‘ಹಿಂದುಳಿದ ವರ್ಗಗಳ ಹರಿಕಾರ’ ಎಂಬ ಬಿರುದು ಈಗ ಹೆಸರಿಗೇ ಅಂಟಿಕೊಂಡಿದೆ. ಆದರೆ 1980ರ ಜನವರಿಯನ್ನು ನೆನೆಯಿರಿ. ಇಂದಿರಾ ಗಾಂಧಿಯವರೊಡನೆ ಕೆಟ್ಟು ಬೇರೆಯಾಗಿದ್ದ ಅರಸರ ಕಾಂಗ್ರೆಸ್ಸಿಗೆ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ ಒಂದೂ ದಕ್ಕಲಿಲ್ಲ. ಹದಿನಾಲ್ಕು ತಿಂಗಳ ಹಿಂದಷ್ಟೇ ಅದೇ ಇಂದಿರಾರನ್ನು ಚಿಕ್ಕಮಗಳೂರಿನಿಂದ ಗೆಲ್ಲಿಸಿ ಕಳಿಸಿದ್ದವರು ಅವರೇ! ಶಾಸಕರು ಗುಂಡೂರಾಯರ ಕಡೆ ವಾಲಿದರು, ಕುರ್ಚಿ ಹೋಯಿತು. 1982ರ ಜೂನ್‌ನಲ್ಲಿ ಅರಸರೇ ಹೋದರು.

ಅಂದು ಅವರ ಹೆಸರೆತ್ತಿದರೆ ತುರ್ತು ಪರಿಸ್ಥಿತಿ, ಗ್ರೋವರ್ ಆಯೋಗಗಳೂ ಜೊತೆಗೇ ಬರುತ್ತಿದ್ದವು. ಈಗಿನ ಭಾಷಣಗಳಲ್ಲಿ ಅವೆರಡೂ ನಾಪತ್ತೆ. ಉಳಿದಿರುವುದು ಹಾವನೂರು ಆಯೋಗ ಮತ್ತು 1974ರ ಭೂಸುಧಾರಣೆ. ಇದನ್ನು ಬರೀ ಭಾಷಣಕಾರರ ಕೈಚಳಕವೆನ್ನಲಾಗದು. ಕರಾವಳಿ, ಮಲೆನಾಡಿನ ಗೇಣಿದಾರ ‘ಡಿಕ್ಲರೇಷನ್’ ಕೊಟ್ಟು ಪಡೆದ ಗದ್ದೆಯ ಪಹಣಿ ಇಂದು ಮೊಮ್ಮಕ್ಕಳ ಕೈಯಲ್ಲಿದೆ. ಭೂಮಿ ಕಳೆದುಕೊಂಡ ಮನೆಗಳಲ್ಲಿ ಮಾತ್ರ ಆ ಹೆಸರು ಈಗಲೂ ಬೇರೆ ದನಿಯಲ್ಲೇ ಬರುತ್ತದೆ. (ಹಬ್ಬದ ಬಟ್ಟೆಗೆಂದು ಮೈಸೂರಿನ ಅರಸು ರಸ್ತೆಗೆ ಹೋಗುವವರಿಗೆ ಈ ರಗಳೆಯೇ ಇಲ್ಲ, ಬಿಡಿ.)

ಕೃಷಿಕರಲ್ಲದವರು ಹೊಲ ಕೊಳ್ಳದಂತೆ ಅದೇ ಕಾಯ್ದೆಯಲ್ಲಿದ್ದ ತಡೆಯನ್ನು 2020ರಲ್ಲಿ ಕಿತ್ತುಹಾಕಲಾಯಿತು. ಕಿತ್ತವರೂ ಹಾರ ಹಿಡಿದವರ ಸಾಲಿನಲ್ಲೇ ಇದ್ದಾರೆ.