ನೋಟ್‌ಬುಕ್ಕಿನ ಕನ್ನಡ

ಪಕ್ಕದ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಹುಡುಗ ಅಸ್ಸಾಮಿನವನು. ಗೇಟಿನ ಬಳಿ ಅವನು ಕೂರುವ ಪ್ಲಾಸ್ಟಿಕ್ ಕುರ್ಚಿಯ ಕೆಳಗೆ ಒಂದು ನೋಟ್‌ಬುಕ್ ಇರುತ್ತದೆ. ‘ಯಾರು ಬೇಕು?’, ‘ಟ್ಯಾಂಕರ್ ಬಂತು’, ‘ಮೇಡಂ ಮನೇಲಿಲ್ಲ’ ಎಲ್ಲವನ್ನೂ ತನ್ನ ಲಿಪಿಯಲ್ಲಿ ಬರೆದುಕೊಂಡಿದ್ದಾನೆ. ಹೇಳಿಕೊಟ್ಟವರು ಯಾರೆಂದು ಕೇಳಿದೆ. ‘ಹೂವಿನ ಅಮ್ಮ’ ಎಂದ. ಬೆಳಿಗ್ಗೆ ಹೂವು ಮಾರಲು ಬರುವ ಅಜ್ಜಿ ದಿನಕ್ಕೊಂದು ಮಾತು ಕಲಿಸುತ್ತಾರಂತೆ. ‘ಹೊರಗಿನವರು ಕನ್ನಡ ಕಲಿಯೋದೇ ಇಲ್ಲ’ ಎಂದು ನನ್ನೊಡನೆ ಬೇಸರ ತೋಡಿಕೊಂಡವರು ಆ ಬೀದಿಯಲ್ಲಿ ಎಷ್ಟೋ ಜನ. ಕಲಿಸಲು ಕೂತವರು ಆ ಅಜ್ಜಿ ಒಬ್ಬರೇ.

ಆ ಬೇಸರ ಸುಳ್ಳೇನಲ್ಲ. ಅಂಗಡಿ, ಆಟೊ, ಲಿಫ್ಟುಗಳಲ್ಲಿ ನಮ್ಮ ಮಾತು ಕೇಳಿಸದೆ ಹೋದರೆ ಯಾರಿಗಾದರೂ ನೋವಾಗುತ್ತದೆ. ಆದರೆ ಬಂದವರನ್ನು ದೂರವಿಟ್ಟರೆ ಅವರು ತಮ್ಮವರ ಶೆಡ್ಡಿನೊಳಗೇ ಉಳಿಯುತ್ತಾರೆ. ಅಲ್ಲಿ ಕನ್ನಡ ಅವರ ಕಿವಿಗೆ ಬೀಳುವುದಾದರೂ ಹೇಗೆ?

ಹೊಸಬರನ್ನು ನೆಲೆಗೊಳಿಸುವ ಕೆಲಸ ಈ ನಾಡಿಗೆ ಹೊಸದಲ್ಲ. 1959ರಲ್ಲಿ ದಲೈ ಲಾಮಾ ಅವರೊಂದಿಗೂ ಅವರ ಹಿಂದೆಯೂ ಟಿಬೆಟಿಯನ್ನರು ಭಾರತಕ್ಕೆ ಬಂದಾಗ, ಅಂದಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಮೀನು ಕೊಟ್ಟಿತು. ಹಿಮದ ನಾಡಿನಿಂದ ಬಂದವರು ಇಲ್ಲಿನ ಸೆಕೆಯಲ್ಲಿ ಡೇರೆ ಹಾಕಿಕೊಂಡು, ಕಾಡು ಸವರಿ, ಮುಸುಕಿನ ಜೋಳ ಬೆಳೆದರು. ಆಮೇಲೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ಶಿಬಿರಗಳಾದವು.

ಈ ಕಥೆಯ ಇನ್ನೊಂದು ಭಾಗ ಹೆಚ್ಚು ಜನರಿಗೆ ಗೊತ್ತಿಲ್ಲ. ಟಿಬೆಟಿಯನ್ನರ ಪುನರ್ವಸತಿಗೆಂದೇ 1968ರಲ್ಲಿ ‘ಮೈರಾಡ’ ಎಂಬ ಸಂಸ್ಥೆ ಹುಟ್ಟಿತು. ಆ ಕೆಲಸ ಮುಗಿಸಿ ಅದು ನಮ್ಮದೇ ಹಳ್ಳಿಗಳತ್ತ ತಿರುಗಿತು. ಎಂಬತ್ತರ ದಶಕದಲ್ಲಿ ಬಡವರ ಉಳಿತಾಯ ಗುಂಪುಗಳನ್ನು ಕಟ್ಟಿತು. ಅಂಥ ಗುಂಪುಗಳಿಗೆ ಬ್ಯಾಂಕ್ ಸಾಲ ಸಿಗುವ ವ್ಯವಸ್ಥೆಯನ್ನು ನಬಾರ್ಡ್ 1992ರಲ್ಲಿ ದೇಶದಲ್ಲಿ ಶುರುಮಾಡಿತು. ಇಂದು ಊರೂರಲ್ಲಿ ಹೆಣ್ಣುಮಕ್ಕಳು ನಡೆಸುವ ಸ್ವಸಹಾಯ ಸಂಘದ ಒಂದು ಬೇರು, ನಿರಾಶ್ರಿತರಿಗೆ ನೆಲೆ ಕೊಡಿಸಲು ಹೊರಟ ಆ ಸಂಸ್ಥೆಯಲ್ಲಿದೆ. ಪರರಿಗೆಂದು ಕಲಿತ ಕೆಲಸ ನಮ್ಮ ಮನೆಯನ್ನೇ ಕಾಯಿತು.

ಇಂದು ಬರುವವರು ಎಕರೆಗಟ್ಟಲೆ ಜಮೀನು ಕೇಳುತ್ತಿಲ್ಲ. ಮಗುವಿಗೆ ಅಂಗನವಾಡಿ, ದುಡಿದ ಕೂಲಿ ಕೈಗೆ ಸೇರುವ ಭರವಸೆ, ಹೊಟ್ಟೆಗೆ ಪಡಿತರ: ಇಷ್ಟಾದರೆ ಸಾಕು. ಯಾದಗಿರಿ, ರಾಯಚೂರಿನಿಂದ ಗುಳೆ ಹೋಗುವ ನಮ್ಮವರು ಮುಂಬೈ, ಗೋವಾದಲ್ಲಿ ಬಯಸುವುದೂ ಇದನ್ನೇ. ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆಗೆ 2022ರ ಜೂನ್‌ನಲ್ಲಿ ಅಸ್ಸಾಂ ಕೂಡ ಸೇರಿತು. ಆಹಾರ ಭದ್ರತಾ ಕಾಯ್ದೆಯಡಿ ಕಾರ್ಡ್ ಇದ್ದರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಪಡೆಯಬಹುದು. ಹಕ್ಕು ಕಾಗದದ ಮೇಲಿದೆ. ಅದನ್ನು ತಿಳಿಸಿ ಹೇಳುವ ನೆರೆಯವರು ಬೇಕು. ಪ್ರತಿ ಅಪಾರ್ಟ್‌ಮೆಂಟ್ ಸಂಘವೂ ವಾರಕ್ಕೆ ಒಂದು ಗಂಟೆ ಕನ್ನಡ ಪಾಠಕ್ಕೆ ಜಾಗ ಬಿಟ್ಟುಕೊಡಲಿ. ಅದಕ್ಕೆ ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಿಲ್ಲ.

ನಮ್ಮ ಬೀದಿಯ ಹುಡುಗನಿಗೆ ಪಡಿತರದ ವಿಷಯ ಗೊತ್ತೇ ಇರಲಿಲ್ಲ. ಅವನ ನೋಟ್‌ಬುಕ್ಕಿಗೆ ನಾನು ಬರೆಸಿದ ಮೊದಲ ಮಾತು ‘ರೇಷನ್ ಅಂಗಡಿ ಎಲ್ಲಿದೆ?’ ಎಂಬುದು. ಬರೆದುಕೊಂಡು ಎರಡು ಸಲ ಗಟ್ಟಿಯಾಗಿ ಹೇಳಿದ. ಅವನ ಶಿಫ್ಟ್ ಮುಗಿದ ಮೇಲೆ ಇಬ್ಬರೂ ಕೂಡಿ ಅಂಗಡಿಯವರೆಗೆ ನಡೆದೆವು.