ಕರಡಿಗೆ

ಶಿಕಾರಿಪುರದ ಕಡೆಯ ಭಕ್ತರೊಬ್ಬರ ಮನೆಯಲ್ಲಿ ಮಕ್ಕಳ ಲಿಂಗದೀಕ್ಷೆಗೆ ನಾವು ಹೋಗಿದ್ದೆವು. ದೀಕ್ಷೆ ಮುಗಿದ ಮೇಲೆ ಬಾಲಕನೊಬ್ಬನು ತನ್ನ ಕೊರಳಿನ ಬೆಳ್ಳಿಯ ಕರಡಿಗೆಯನ್ನು ಹಿಡಿದು, "ಅಜ್ಜಾರೇ, ಇದಕ್ಕೂ ಕರಡಿಗೂ ಏನು ಸಂಬಂಧ?" ಎಂದು ಕೇಳಿದನು. ನೆರೆದವರು ನಕ್ಕರು. ನಾವು ನಗಲಿಲ್ಲ. ಹಿರಿಯರಾರೂ ಕೇಳದಿದ್ದುದನ್ನು ಆ ಕೂಸು ಕೇಳಿತ್ತು.

ಕರಡಿಗೂ ಕರಡಿಗೆಗೂ ಸಂಬಂಧವಿಲ್ಲ. ಸಂಸ್ಕೃತದ 'ಕರಂಡಕ' ಶಬ್ದವೇ ಕನ್ನಡದಲ್ಲಿ ಕರಡಗೆ, ಕರಡಿಗೆ ಎಂದಾಗಿದೆ. 'ಚಂಪಕ'ವು ಸಂಪಿಗೆಯಾದಂತೆ, 'ಮಲ್ಲಿಕಾ' ಮಲ್ಲಿಗೆಯಾದಂತೆ ಇದೂ ಒಂದು ತದ್ಭವ. ಇಂತಹ ಶಬ್ದಗಳಿಗಾಗಿಯೇ 13ನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಅಪಭ್ರಂಶ ಪ್ರಕರಣವನ್ನು ರಚಿಸಿರುವನು. ಕರಂಡವೆಂದರೆ ಬಿದಿರಿನಿಂದ ಹೆಣೆದ ಬುಟ್ಟಿ, ಮುಚ್ಚಳವುಳ್ಳ ಚಿಕ್ಕ ಪೆಟ್ಟಿಗೆ. ಶಿಲ್ಪಿಗಳು ಬುಟ್ಟಿಯಾಕಾರದ ಕಿರೀಟವನ್ನು ಕರಂಡಮಕುಟವೆನ್ನುವರು. ಮರಾಠಿ ಮನೆಗಳಲ್ಲಿ ಕುಂಕುಮದ ಭರಣಿಗೆ ಇಂದಿಗೂ ಕರಂಡಾ ಎಂದೇ ಹೆಸರು.

ನಮ್ಮ ಹಿರಿಯರು ಕರಡಿಗೆಯನ್ನು ಸಜ್ಜೆ ಎಂದೂ ಕರೆದರು. ಇದು 'ಶಯ್ಯಾ' ಎಂಬುದರ ತದ್ಭವ, ಹಾಸಿಗೆಯೆಂದು ಅರ್ಥ. ಒಂದು ಹೆಸರು ಬುಟ್ಟಿಯದು, ಇನ್ನೊಂದು ಹಾಸಿಗೆಯದು. ಎರಡರಲ್ಲಿಯೂ ಬೆಳ್ಳಿಯ ಸುಳಿವಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಅಲ್ಲಿಂದ ನಾವು ಸೊರಬಕ್ಕೆ ಹೋದೆವು. ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತುವ ಪೆಟ್ಟಿಗೆಗಳು ಲೋಕಪ್ರಸಿದ್ಧವಾದವು. ಆ ಕುಸುರಿಯನ್ನು ಕಂಡವರು ಒಳಗೇನಿದೆಯೆಂದು ಕೇಳುವುದನ್ನೇ ಮರೆಯುವರು. ನಮ್ಮ ಮನೆಗಳಲ್ಲಿಯೂ ಹಾಗೆಯೇ ಆಗುತ್ತಿದೆ. ನಾವು ಇಳಿದುಕೊಂಡ ಮನೆಯ ಯಜಮಾನರ ಕೊರಳು ಬರಿದಾಗಿತ್ತು. ವಿಚಾರಿಸಲು, "ಮದುವೆಯಲ್ಲಿ ಮಾವನವರು ಕೊಟ್ಟ ಕರಡಿಗೆ ಬಲು ತೂಕದ್ದು ಬುದ್ಧಿ, ಕಳ್ಳರ ಭಯಕ್ಕೆ ಬ್ಯಾಂಕಿನ ಲಾಕರಿನಲ್ಲಿಟ್ಟಿದ್ದೇನೆ" ಎಂದರು. "ಲಿಂಗವೆಲ್ಲಿ?" ಎಂದೆವು. ಅವರು ತಲೆ ತಗ್ಗಿಸಿ, "ಅದರೊಳಗೇ ಇದೆ" ಎಂದರು. ಬಾಗಿಲ ಬಳಿ ನಿಂತಿದ್ದ ಅವರ ವೃದ್ಧ ತಾಯಿಯವರು ಮಾತನಾಡಲಿಲ್ಲ. ಅವರ ಎದೆಯ ಮೇಲೆ ಬಿಳಿಯ ವಸ್ತ್ರದ ಗಂಟೊಂದಿತ್ತು. ಅದರಲ್ಲಿ ಅವರ ಲಿಂಗವಿತ್ತು.

ಬೆಳ್ಳಿಯನ್ನು ನಾವು ನಿಂದಿಸುವುದಿಲ್ಲ. ಭಕ್ತಿಯಿಂದ ಮಾಡಿಸಿದ ಕರಡಿಗೆಯೂ ಪೂಜ್ಯವೇ. ಆದರೆ ಇಷ್ಟಲಿಂಗವು ಅಂಗವನ್ನು ಅಗಲಬಾರದೆಂಬುದು ಧರ್ಮ. ಅದನ್ನು ಅಂಗದ ಮೇಲೆ ಕಾಪಾಡುವುದಕ್ಕಾಗಿ ಹುಟ್ಟಿದ ಬುಟ್ಟಿಯೇ ಅದನ್ನು ಅಂಗದಿಂದ ದೂರ ಮಾಡಿದರೆ ಆ ಹೆಸರಿಗೆ ಅರ್ಥವುಳಿಯದು. ಶಿಕಾರಿಪುರದ ಆ ನಾಡು ಉಡುತಡಿಯ ಅಕ್ಕನದು, ಬಳ್ಳಿಗಾವೆಯ ಅಲ್ಲಮನದು. ಅವರ ಕರಡಿಗೆ ಎಷ್ಟು ತೊಲದ್ದೆಂದು ಯಾರೂ ಕೇಳಲಿಲ್ಲ.

ಆದುದರಿಂದ ಶರಣ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೇ. ಕರಡಿಗೆಯನ್ನು ಲಾಕರಿನಲ್ಲಿ ಇಡಲೇಬೇಕಾದರೆ ಇಡಿರಿ. ಇಡುವ ಮುನ್ನ ಲಿಂಗವನ್ನು ಹೊರತೆಗೆದು, ಶುಭ್ರವಾದ ವಸ್ತ್ರದಲ್ಲಿ ಕಟ್ಟಿ, ಎದೆಯ ಮೇಲೆ ಧರಿಸಿರಿ. ಸೊರಬದ ಆ ಯಜಮಾನರು ಮರುದಿನ ಬ್ಯಾಂಕು ತೆರೆಯುವ ಹೊತ್ತಿಗೆ ಹೊರಟು ನಿಂತಿದ್ದರು. ತಾಯಿಯವರು ಮಡಿವಸ್ತ್ರವೊಂದನ್ನು ತಂದು ಅವರ ಕೈಗಿತ್ತರು.